ರಾಣಿ ಛಾಪಿನ ರೂಪಾಯಿ

ಮಲಪ್ರಭೆಯ ದಂಡೆಯಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಬೇವಿನ ಮರ, ನೀರಿಗೆ ಇಳಿಯಲು ನಾಲ್ಕು ಕಲ್ಲು ಮೆಟ್ಟಿಲು. ಸುತ್ತಲಿನ ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗಿ ಮೂರು ವರ್ಷವಾಗಿತ್ತು. ಒಂದು ಮುಂಜಾನೆ ಅಲ್ಲಿಗೆ ಮೌನಪ್ಪ ಪತ್ತಾರ ಎಂಬಾತ ಬಂದ. ನಲವತ್ತೈದರ ವಯಸ್ಸು, ಅಕ್ಕಸಾಲಿಗರ ಮನೆತನ. ಇಪ್ಪತ್ತೆರಡು ವರ್ಷ ಸರ್ಕಾರದ ಟಂಕಸಾಲೆಯಲ್ಲಿ ದುಡಿದವನು.

ಅಚ್ಚಿನಿಂದ ಬಂದ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುವುದು ಅವನ ಕೆಲಸವಾಗಿತ್ತು. ದನಿ ಸರಿಯಿದ್ದರೆ ಒಂದು ಕಡೆ, ಒಡಕಿದ್ದರೆ ಇನ್ನೊಂದು ಕಡೆ. ಈಗ ಆ ಕೆಲಸ ಬಿಟ್ಟಿದ್ದ.

“ಏನು ಬೇಕಪ್ಪ?” ಎಂದರು ಅಜ್ಜಾರು.

ಮೌನಪ್ಪ ಕೈಚೀಲದಿಂದ ಹಳೆಯದೊಂದು ಹೊಸದೊಂದು ರೂಪಾಯಿ ತೆಗೆದು ಅವರ ಮುಂದೆ ಇಟ್ಟ.

“ಇವೆರಡರಾಗ ಖರೇ ರೂಪಾಯಿ ಯಾವುದ್ರಿ?”

ಅಜ್ಜಾರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. “ನಾ ರೂಪಾಯಿ ಮುಟ್ಟಿ ಇಪ್ಪತ್ತು ವರ್ಷ ಆತು. ಮೊದಲ ನೀ ನನಗ ಹೇಳು. ಈಕಿ ಯಾರು?”

“ವಿಕ್ಟೋರಿಯಾ ರಾಣಿ ರೀ.”

“ಈ ಕಡೆ ಎಂದಾದರೂ ಬಂದಿದ್ದಳೇನು?”

“ಇಲ್ರಿ. ಹಿಂದೂಸ್ತಾನಕ್ಕ ಬಂದಾಕಿನ ಅಲ್ಲ.”

“ಆಕಿ ಬರಲಿಲ್ಲ, ಆಕಿ ಮಾರಿ ಮಾತ್ರ ನಮ್ಮ ಸಂತ್ಯಾಗ ಕೈಯಿಂದ ಕೈಗೆ ಓಡ್ಯಾಡಿತು.” ಅಜ್ಜಾರಿಗೆ ಅದು ದೊಡ್ಡ ಸೋಜಿಗವಾಗಿ ಕಂಡಿತು. “ಈಕಿಗಿಂತ ಮೊದಲ ಯಾರಿದ್ದರು?”

ಪ್ರಶ್ನೆ ಕೇಳಲು ಬಂದ ಮೌನಪ್ಪ ಉತ್ತರ ಹೇಳುತ್ತ ಕುಳಿತ.

“ಮೊದಲ ಊರಿಗೊಂದು ರೂಪಾಯಿ ಇತ್ರಿ. ಬಾಗಲಕೋಟಿಗೊಂದು, ಶಹಾಪುರಕ್ಕೊಂದು. ಆ ಊರಿನ ರೂಪಾಯಿ ಈ ಊರಾಗ ನಡೀಬೇಕಾದ್ರ ವಟ್ಟ ಅಂತ ಒಂದಿಷ್ಟು ಮುರೀತಿದ್ರು. ನಮ್ಮ ಮುತ್ತಜ್ಜನ ಅಪ್ಪ ಬಾಗಲಕೋಟಿ ಟಂಕಸಾಲ್ಯಾಗ ಸುತ್ತಿಗಿ ಹಿಡದಾಂವ. ಬೆಳ್ಳಿ ಬಿಲ್ಲಿ ಅಚ್ಚಿನ ಮ್ಯಾಲೆ ಇಟ್ಟು ಒಂದ ಏಟು ಹಾಕಿದ್ರ ರೂಪಾಯಿ. ಛಾಪು ನಟ್ಟಗ ಬಿದ್ದದ್ದು ಕಡಿಮಿ.”

“ಆಮ್ಯಾಲೆ?”

“ಕಂಪನಿ ಸರ್ಕಾರ ಬಂತು. ಟಂಕಸಾಲಿ ಒಂದೊಂದ ಮುಚ್ಚಿಸಿ, ಎಲ್ಲಾ ಕಡೆ ಒಂದ ರೂಪಾಯಿ ಅಂತು. ತೂಕ ಒಂದು ತೊಲ. ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ.”

“ನಿಮ್ಮ ಮುತ್ತಜ್ಜನ ಅಪ್ಪ ಏನು ಮಾಡಿದ?”

ಈವರೆಗೆ ಯಾರೂ ಅದನ್ನು ಕೇಳಿರಲಿಲ್ಲ. “ಮನ್ಯಾಗ ಕುಂತು ಕಾಲುಂಗುರ ಮಾಡಿದ್ನಂತ್ರಿ.”

“ಹೂಂ. ರಾಣಿ ಆದಮ್ಯಾಲೆ?”

“ಆಕಿ ಮಗ ಪಟ್ಟಕ್ಕ ಬಂದ. ಅವನ ಛಾಪಿನಾಗ ಕಿರೀಟಿಲ್ಲ, ಬರೇ ತಲಿ. ಜನ, ಏನು ಸೂತಕೇನು ಅಂತ ಕೇಳಿದ್ರಂತ. ಅವನ ಮಗ ಬಂದಾಗ ಕಿರೀಟ ಬಂತು, ನಿಲುವಂಗಿ ಬಂತು. ಅದರ ಮ್ಯಾಲೆ ಒಂದು ಸಣ್ಣ ಆನಿ ಕೆತ್ತಿದ್ರು. ಸೊಂಡಿ ಗಿಡ್ಡ ಆಗಿ ಅದು ಹಂದಿಯಂಗ ಕಂಡಿತು. ಗದ್ದಲ ಆತ್ರಿ. ವಾಪಸ್ ತರಿಸಿ, ಮರುವರ್ಷ ಸೊಂಡಿ ಉದ್ದ ಮಾಡಿ ಹೊಡದ್ರು.”

“ರಾಜನ ಮಾರಿ ಸರಿ ಬಂದಿತ್ತೇನು?”

“ಚಲೋ ಬಂದಿತ್ರಿ.”

“ಅದನ್ನ ಯಾರೂ ನೋಡಲಿಲ್ಲ,” ಎಂದು ಅಜ್ಜಾರು ನಕ್ಕರು. ಮೌನಪ್ಪನಿಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

“ಮತ್ತ ಇದು?” ಅಜ್ಜಾರು ಎರಡನೆಯ ರೂಪಾಯಿಯನ್ನು ಮುಟ್ಟಿ ಕೇಳಿದರು.

ಮೌನಪ್ಪನ ನಗು ನಿಂತಿತು. ಅವನು ಎರಡನ್ನೂ ತೆಗೆದುಕೊಂಡು ಮೆಟ್ಟಿಲ ಕಲ್ಲಿನ ಹತ್ತಿರ ಹೋದ. ರಾಣಿಯ ರೂಪಾಯಿಯನ್ನು ಬೀಳಿಸಿದ. ಅದರ ದನಿ ನೀರಿನ ಮೇಲೆ ಹೋಗಿ ಬಹಳ ಹೊತ್ತು ನಿಂತಿತು. ಹೊಸದನ್ನು ಬೀಳಿಸಿದ. ಟಕ್ಕೆಂದು ಸುಮ್ಮನಾಯಿತು.

“ಎರಡು ವರ್ಷದಿಂದ ಇದನ್ನ ಹೊಡೀತಾರ್ರಿ. ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್ಲು, ಸತುವು. ತೂಕ ಅಷ್ಟ ಐತಿ. ಇದರ ಮ್ಯಾಲೂ ಒಂದು ರೂಪಾಯಿ ಅಂತನ ಬರದೈತಿ. ರಾಣಿ ಛಾಪಿಂದು ಇನ್ನ ನಡಿಯಂಗಿಲ್ಲ ಅಂತ ಸರ್ಕಾರ ಡಂಗುರ ಹೊಡಿಸೈತಿ.”

“ಅದಕ್ಕ ನಿನಗ್ಯಾಕ ಇಷ್ಟು ಸಂಕಟ?”

ಮೌನಪ್ಪ ಮೆಟ್ಟಿಲ ಮೇಲೆಯೇ ಕುಳಿತು ಹೇಳಿದ.

ಅವನಿಗೆ ಒಬ್ಬಳೇ ಅಕ್ಕ, ಕಾಳವ್ವ. ತಾಯಿ ಬೇಗ ಹೋದ ಮೇಲೆ ಎತ್ತಿ ಆಡಿಸಿದವಳು ಅವಳೇ. ಅವಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ತವರಿನಿಂದ ಒಯ್ದ ತಾಯಿಯ ರಾಣಿ ಛಾಪಿನ ರೂಪಾಯಿಗಳನ್ನು ಅವಳು ಒಂದು ಗಡಿಗೆಯಲ್ಲಿ ಕಾಪಾಡಿಕೊಂಡಿದ್ದಳು. ಮಗಳ ಮದುವೆ ಗೊತ್ತಾಯಿತು. ರಜೆಯ ಮೇಲೆ ಬಂದ ತಮ್ಮನ ಅಂಗೈಯಲ್ಲಿ ಹಳೆಯದೊಂದು ಹೊಸದೊಂದು ರೂಪಾಯಿ ಇಟ್ಟು, “ತಮ್ಮಾ, ಎರಡೂ ಒಂದ ಏನು?” ಎಂದು ಕೇಳಿದಳು.

“ಬೆರಕಿ ಎಷ್ಟು ಅಂತ ಹೊರಗ ಆಡಬಾರದು ಅಂತ ನಮ್ಮ ಕಡೆಯಿಂದ ಸಹಿ ತಗೊಂಡಿದ್ರು, ಅಜ್ಜಾರ. ನೌಕರಿ ಹೋಗತಿತ್ತು. ಎರಡೂ ಒಂದ ಅಕ್ಕಾ, ಅಂದೆ.”

“ಆಕಿ ಏನಂದಳು?”

“ಏನೂ ಅನಲಿಲ್ಲ. ಮರುದಿನ ಗಡಿಗಿ ಹೊತಗೊಂಡು ಪ್ಯಾಟಿಗೆ ಹೋಗಿ, ಒಂದಕ್ಕ ಒಂದರಂಗ ಹೊಸಾವು ತಗೊಂಡು ಬಂದಳು. ಮದುವಿ ಆತು. ಅವತ್ತಿನಿಂದ ಆಕಿ ಮನಿ ಹೊಸ್ತಿಲ ತುಳದಿಲ್ರಿ ನಾ. ತಿರುಗಿ ಟಂಕಸಾಲಿಗೆ ಹೋದರ, ಕೈಗೆ ಬಂದ ಒಂದೊಂದು ರೂಪಾಯಿನೂ ಅದನ್ನ ಕೇಳತಿತ್ತು. ಎರಡೂ ಒಂದ ಏನು, ಎರಡೂ ಒಂದ ಏನು. ಬಿಟ್ಟು ಬಂದೆ.”

ಅಜ್ಜಾರು ಮೇಲೆದ್ದು ಒಂದು ಚೀಲ ತಂದು ಅವನ ಕೈಗಿತ್ತರು.

“ಈ ಎರಡು ರೂಪಾಯಿ ಒಯ್ದು ಜೋಳ ತಗೊಂಡು ಬಾ. ಎರಡಕ್ಕೂ ಬರಬೇಕು.”

ಮೌನಪ್ಪ ಪೇಟೆಗೆ ಹೋದ. ಜೋಳದ ಅಂಗಡಿಯವನು ಹೊಸ ರೂಪಾಯಿಯನ್ನು ನೋಡದೆಯೇ ಪೆಟ್ಟಿಗೆಗೆ ಹಾಕಿಕೊಂಡು ಜೋಳ ಅಳೆದುಕೊಟ್ಟ. ರಾಣಿಯ ರೂಪಾಯಿಯನ್ನು ಕೈಯಿಂದಲೂ ಮುಟ್ಟಲಿಲ್ಲ. “ಇದನ್ನ ಯಾರಿಗೆ ಕೊಡ್ಲಿ? ನೀನ ಇಟಗೊ,” ಎಂದ.

ಪಕ್ಕದ ಓಣಿಯಲ್ಲಿ ರಾಚಣ್ಣ ಎಂಬ ಬೆಳ್ಳಿ ವ್ಯಾಪಾರಿಯ ಅಂಗಡಿ. ಅಲ್ಲಿ ಎಲ್ಲವೂ ತಿರುಗಾಮುರುಗಾ ಆಯಿತು. ರಾಣಿಯ ರೂಪಾಯಿ ಕಂಡದ್ದೇ ರಾಚಣ್ಣ ಗಾದಿಯಿಂದ ಮುಂದೆ ಸರಿದು ಕುಳಿತ. “ಇನ್ನೂ ಅದಾವೇನು?” ಎಂದ. ಮೌನಪ್ಪ ಕೊಡಲಿಲ್ಲ. ಅರ್ಧ ಚೀಲ ಜೋಳ, ಒಂದು ರೂಪಾಯಿ ಹೊತ್ತು ಹಿಂದಿರುಗಿದ.

“ಎರಡಕ್ಕೂ ಬರಲಿಲ್ರಿ.”

“ಯಾವುದು ಖರೇ ಅಂತ ಗೊತ್ತಾತೇನು?”

“ಜೋಳದಾಂವ ಒಂದು ಅಂತಾನ, ಬೆಳ್ಳಿಯಾಂವ ಇನ್ನೊಂದು ಅಂತಾನ.”

“ಮತ್ತ್ಯಾರನ್ನರ ಕೇಳು,” ಎಂದು ಅಜ್ಜಾರು ಜೋಳ ಹಸನು ಮಾಡಲು ಕುಳಿತರು.

ಎರಡು ದಿನ ಕಳೆಯಿತು. ಮೂರನೆಯ ದಿನ ತಾಂಡಾದ ಸಕ್ರಿಬಾಯಿ ಕಟ್ಟಿಗೆಯ ಹೊರೆ ತಂದು ಬೇವಿನ ಬುಡಕ್ಕೆ ಹಾಕಿದಳು. ಲಂಬಾಣಿ ಹೆಂಗಸು, ಅರವತ್ತು ದಾಟಿತ್ತು. ವಾರಕ್ಕೊಮ್ಮೆ ಬರುತ್ತಿದ್ದಳು. ಅಜ್ಜಾರು ಕೊಟ್ಟ ಮಜ್ಜಿಗೆ ಕುಡಿದು ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದಳು.

ಅವಳ ಮೇಲುವಸ್ತ್ರದ ಅಂಚಿಗೆ, ಕುಪ್ಪಸದ ತೋಳಿಗೆ ಸಾಲಾಗಿ ಬೆಳ್ಳಿ ರೂಪಾಯಿ ಹೊಲಿದಿತ್ತು. ಮೌನಪ್ಪನ ಕಣ್ಣು ಅಲ್ಲಿಯೇ ನಿಂತಿತು. ಇಪ್ಪತ್ತೆರಡು ವರ್ಷದ ರೂಢಿ, ಬಿಡಲಾಗಲಿಲ್ಲ.

“ಬಾಯಿ, ಆ ಮೊದಲನೇದು ಕಂಪನಿ ಕಾಲದ್ದು. ನೂರು ವರ್ಷದ ಮ್ಯಾಲಿಂದು. ಅದರ ಬಾಜೂಕ ಇರೂದು ರಾಣಿ ಇನ್ನ ಹುಡಿಗಿ ಇದ್ದಾಗಿಂದು. ಆಮ್ಯಾಲಿಂದರಾಗ ಕಿರೀಟ ಐತಿ ನೋಡು. ಅದರ ಮುಂದಿಂದರಾಗ ಆಕಿ ಮಹಾರಾಣಿ.”

ಸಕ್ರಿಬಾಯಿ ತೋಳನ್ನು ಎತ್ತಿ ನೋಡಿಕೊಂಡಳು. “ಹಂಗೇನು? ನನಗ ಮಹಾರಾಣಿ ಗೊತ್ತಿಲ್ಲಣ್ಣ. ಈ ಮೊದಲನೇದು ಉಪ್ಪು.”

“ಉಪ್ಪಂದ್ರ?”

“ನಮ್ಮ ಮುತ್ತಜ್ಜ ಎತ್ತಿನ ಮ್ಯಾಲೆ ಉಪ್ಪು ಹೇರಿಕೊಂಡು ಕಂಪನಿ ದಂಡಿಗೆ ಮುಟ್ಟಸ್ತಿದ್ದ. ಕಡಲಿನಿಂದ ಇಲ್ಲೀತನಕ. ಅದರ ಕೂಲಿ. ರೈಲು ಬಂತು, ಉಪ್ಪು ರೈಲಿನಾಗ ಹೋತು. ಎತ್ತು ಮಾರಿದ್ರು. ಈ ಎರಡು, ಅದ ರೈಲಿನ ದಾರಿಗೆ ನಮ್ಮ ಅಜ್ಜಿ ಕಲ್ಲು ಒಡದದ್ದು. ಇದು ದೊಡ್ಡ ಬರದಾಗ ಕೆರಿ ಮಣ್ಣು ಹೊತ್ತದ್ದು. ಅವತ್ತು ಇದನ್ನ ಕೊಟ್ಟು ಕಾಳು ತಿನ್ನಬಹುದಿತ್ತು. ನಮ್ಮವ್ವ ತಿನ್ನಲಿಲ್ಲ, ಹೊಲದಳು.”

ಮೌನಪ್ಪ ಬೆರಳಿನಿಂದ ಆ ನಾಣ್ಯವನ್ನು ಮುಟ್ಟಿದ. ಅದರ ವರ್ಷ ಅವನಿಗೆ ಗೊತ್ತಿತ್ತು. ಅದರ ತೂಕ, ಬೆರಕೆ, ಅಂಚಿನ ಗೀರು, ಯಾವ ಟಂಕಸಾಲೆಯದೆಂಬ ಗುರುತು, ಎಲ್ಲ ಗೊತ್ತಿತ್ತು. ಕೆರೆಯ ಮಣ್ಣು ಮಾತ್ರ ಗೊತ್ತಿರಲಿಲ್ಲ.

“ಅಜ್ಜಾ,” ಎಂದಳು ಸಕ್ರಿಬಾಯಿ ಗುರುಗಳ ಕಡೆ ತಿರುಗಿ. “ನಾಳೆ ರಾಚಣ್ಣ ತಾಂಡಾಕ್ಕ ಬರತಾನ. ರಾಣಿದು ಇನ್ನ ನಡಿಯಂಗಿಲ್ಲ, ಒಂದಕ್ಕೊಂದು ಹೊಸಾದು ಕೊಡತೀನಿ ಅಂತ ಹೇಳಿ ಕಳಿಸ್ಯಾನ. ಹೆಣ್ಣುಮಕ್ಕಳು ಎಲ್ಲಾ ಬಿಚ್ಚಾಕ ಕುಂತಾರ.” ಆಮೇಲೆ ಮೌನಪ್ಪನನ್ನು ಕೇಳಿದಳು. “ನೀ ತಿಳಿದಾಂವ ಕಾಣತಿ. ಎರಡೂ ಒಂದ ಏನಣ್ಣ?”

ಮೌನಪ್ಪ ಅಜ್ಜಾರ ಕಡೆ ನೋಡಿದ.

ಅಜ್ಜಾರು ಬಿಂದಿಗೆ ಎತ್ತಿಕೊಂಡು ನದಿಗೆ ಇಳಿದು ಹೋದರು. ಬಿಂದಿಗೆ ಮೊದಲೇ ತುಂಬಿತ್ತು.

“ಒಂದ ಅಲ್ಲವ್ವ,” ಎಂದ ಮೌನಪ್ಪ. ದನಿ ತೀರ ಸಣ್ಣದಾಗಿ ಬಂತು. ಇನ್ನೊಮ್ಮೆ ಹೇಳಿದ. “ಒಂದ ಅಲ್ಲ. ಹೊಸಾದರಾಗ ಬೆಳ್ಳಿ ಅರ್ಧ ಮಾತ್ರ ಐತಿ.”

“ಹಂಗಾದ್ರ ನಾಳೆ ನೀ ಬಾ. ನಾ ಹೇಳಿದ್ರ ಯಾರೂ ನಂಬಂಗಿಲ್ಲ.”

ಮರುದಿನ ಮೌನಪ್ಪ ತಾಂಡಾಕ್ಕೆ ಹೋದ. ರಾಚಣ್ಣ ಆಗಲೇ ಕಂಬಳಿ ಹಾಸಿಕೊಂಡು ಕುಳಿತಿದ್ದ. ಮುಂದೆ ಹೊಸ ರೂಪಾಯಿಗಳು ಮಿಣಮಿಣ ಹೊಳೆಯುತ್ತಿದ್ದವು. ಹೆಂಗಸರು ಹಲ್ಲಿನಿಂದ ದಾರ ಕಡಿದು ನಾಣ್ಯ ಬಿಡಿಸುತ್ತಿದ್ದರು.

ಮೌನಪ್ಪ ಯಾರನ್ನೂ ಬೈಯಲಿಲ್ಲ. ಒಂದು ಬೀಸುವ ಕಲ್ಲನ್ನು ನಡುವೆ ಎಳೆದು ಅದರ ಮೇಲೆ ಹಳೆಯದನ್ನು ಬೀಳಿಸಿದ, ಹೊಸದನ್ನು ಬೀಳಿಸಿದ. ಮತ್ತೊಮ್ಮೆ ಬೀಳಿಸಿದ.

“ಇದು ಹಾಡತೈತಿ, ಇದು ಕೆಮ್ಮತೈತಿ,” ಎಂದಳು ಹಿಂದೆ ಕುಳಿತ ಒಬ್ಬಳು. ಹೆಂಗಸರೆಲ್ಲ ನಕ್ಕರು. ಕಲ್ಲಿನ ಸುತ್ತ ಬಂದು ತಮ್ಮ ತಮ್ಮ ನಾಣ್ಯ ಬೀಳಿಸಿ ಕೇಳತೊಡಗಿದರು.

ರಾಚಣ್ಣ ಎದ್ದು ನಿಂತ. “ಯುದ್ಧದ ಕಾಲ ಇದು. ಸರ್ಕಾರದ ರೂಪಾಯಿ ಸುಳ್ಳು ಅಂತ ಊರ ಮುಂದ ಆಡಿದ್ರ ಫೌಜದಾರ ಏನು ಮಾಡತಾನ ಗೊತ್ತೈತೇನು?”

“ಸುಳ್ಳು ಅಂದಿಲ್ಲ ನಾ. ಒಂದ ಅಲ್ಲ ಅಂದೆ. ಮೌನಪ್ಪ ಪತ್ತಾರ ನನ್ನ ಹೆಸರು. ಟಂಕಸಾಲ್ಯಾಗ ಇದ್ದಾಂವ. ಅಡವಯ್ಯನವರ ಆಶ್ರಮದಾಗ ಸಿಗತೀನಿ.”

ಅವನು ಕಲ್ಲಿನ ಪಕ್ಕದಿಂದ ಕದಲಲಿಲ್ಲ.

ಆಮೇಲೆ ನಡೆದದ್ದನ್ನು ಮೌನಪ್ಪ ಎಣಿಸಿರಲಿಲ್ಲ. ಒಬ್ಬ ಚಿಕ್ಕ ಪ್ರಾಯದ ಹೆಂಗಸು ಬಗಲಲ್ಲಿ ಕೂಸು ಎತ್ತಿಕೊಂಡು ಮುಂದೆ ಬಂದು, ರಾಚಣ್ಣನ ಕಂಬಳಿಯ ಮೇಲೆ ರಾಣಿಯ ರೂಪಾಯಿಯೊಂದನ್ನು ಇಟ್ಟಳು.

“ಎರಡು ಕೊಡು,” ಎಂದಳು.

“ತಂಗೀ, ಈಗಷ್ಟ ಹೇಳಿದ್ನಲ್ಲ,” ಎಂದ ಮೌನಪ್ಪ.

“ಕೇಳಿದೆ ಅಣ್ಣ. ಅದು ಹಾಡತೈತಿ, ಖರೆ. ನನ್ನ ಮನ್ಯಾಗ ಇವತ್ತು ಹಿಟ್ಟಿಲ್ಲ. ಕೆಮ್ಮೂದಕ್ಕ ಜೋಳ ಬರತೈತಿ.”

ರಾಚಣ್ಣ ಗೊಣಗುತ್ತ ಎರಡು ಕೊಟ್ಟ. ಅವಳು ಅವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಇನ್ನೂ ಇಬ್ಬರು ಹಾಗೆಯೇ ಕೊಟ್ಟರು. ಉಳಿದವರು ಮತ್ತೆ ಸೂಜಿ ದಾರ ತಂದರು. ಸಕ್ರಿಬಾಯಿ ತನ್ನ ತೋಳಿನಿಂದ ಒಂದನ್ನೂ ಬಿಚ್ಚಿರಲೇ ಇಲ್ಲ.

ನಾಲ್ಕು ದಿನದ ಮೇಲೆ ಫೌಜದಾರನಿಂದ ಕರೆ ಬಂತು. ಮೌನಪ್ಪ ಅಜ್ಜಾರ ಕಾಲಿಗೆ ಬಿದ್ದು ಹೋದ. ಚಾವಡಿಯಲ್ಲಿ ಅವನನ್ನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಊಟದ ಹೊತ್ತಿಗೆ ಫೌಜದಾರ ಒಳಗೆ ಕರೆದ.

“ಹೊಸಾದರಾಗ ಅರ್ಧ ಬೆಳ್ಳಿ ಅಂತ ಹೇಳಿದ್ದು ಖರೇನು?”

“ಖರೇರಿ.”

“ಅದು ಅರ್ಧ ಐತೇನು?”

“ಐತ್ರಿ.”

ಫೌಜದಾರ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. “ನನ್ನ ಹೇಣ್ತಿ ಹತ್ತರ ರಾಣಿ ಛಾಪಿನವು ಒಂದಿಷ್ಟು ಅದಾವು. ಏನು ಮಾಡಲಿ?”

ಮೌನಪ್ಪನಿಗೆ ಬೆಳ್ಳಿಯ ಮಾತು ನಾಲಿಗೆಯ ತನಕ ಬಂದು ನಿಂತಿತು. ಕೊನೆಗೆ, “ಅವು ಯಾರು ದುಡದದ್ದು ಅಂತ ಅವರನ್ನ ಕೇಳ್ರಿ, ಸಾಹೇಬರ. ಆಮ್ಯಾಲೆ ಅವರ ಹೇಳತಾರ,” ಎಂದ.

ಫೌಜದಾರ ಅವನನ್ನು ಒಂದು ಗಳಿಗೆ ದಿಟ್ಟಿಸಿದ. ಇನ್ನು ಮುಂದೆ ನಾಲಿಗೆ ಬಿಗಿ ಹಿಡಿ ಎಂದು ಗದರಿಸಿ ಕಳಿಸಿದ.

ಆಶ್ರಮಕ್ಕೆ ಬಂದು ಮೌನಪ್ಪ ಎಲ್ಲವನ್ನೂ ಹೇಳಿದ.

“ಅಜ್ಜಾರ, ಸಕ್ರಿಬಾಯಿದೂ ಸರಿ ಅನಸ್ತೈತಿ, ಎರಡು ತಗೊಂಡು ಹೋದ ಆ ತಂಗಿದೂ ಸರಿ ಅನಸ್ತೈತಿ. ಯಾವುದು ಖರೇ ರೂಪಾಯಿ ಅಂತ ಇನ್ನೂ ನನಗ ತಿಳೀಲಿಲ್ಲ.”

“ತಾಂಡಾದವರಿಗೆ ಹೇಳಿದಿ. ಫೌಜದಾರಗ ಹೇಳಿದಿ,” ಎಂದರು ಅಜ್ಜಾರು. “ಗಜೇಂದ್ರಗಡ ಇಲ್ಲಿಂದ ಎಷ್ಟು ದೂರ?”

ಮೌನಪ್ಪ ಮರುದಿನ ಬೆಳಗಾಗುತ್ತಲೇ ಹೊರಟ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡ. ಅಕ್ಕನ ಮನೆಯ ಬಾಗಿಲು ಕಂಡಾಗ ಜೋಡಿಸಿದ್ದೆಲ್ಲ ಮರೆತುಹೋಯಿತು. ಕಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂತಿರುಗಿ ನೋಡಿದಳು. ಕೂದಲು ಪೂರಾ ಬೆಳ್ಳಗಾಗಿತ್ತು.

“ಕೈಕಾಲು ತೊಳಕೊಂಡು ಬಾ,” ಎಂದಳು, ನಿನ್ನೆಯಷ್ಟೇ ನೋಡಿದವಳಂತೆ.

ಅವನು ತೊಳೆದುಕೊಳ್ಳಲಿಲ್ಲ. ನಿಂತಲ್ಲೇ ಹೇಳಿದ. “ಅಕ್ಕಾ, ಎರಡೂ ಒಂದ ಅಲ್ಲ. ಅವತ್ತ ನನಗ ಗೊತ್ತಿತ್ತು. ನೌಕರಿ ಹೋಗತೈತಿ ಅಂತ ಸುಳ್ಳು ಹೇಳಿದೆ. ಅವ್ವನ ಬೆಳ್ಳಿ ಅರ್ಧ ಹೋತು ನನ್ನ ಮಾತಿನಿಂದ.”

ಕಾಳವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಪತ್ತಾರರ ಮಗಳು ನಾ. ನಿನ್ನ ಕೈಯಾಗ ಇಡೂಕ ಮೊದಲನ ಹೊಸ್ತಿಲ ಮ್ಯಾಲೆ ಬಡದು ನೋಡಿದ್ದೆ.”

ಮೌನಪ್ಪ ಹೊಸ್ತಿಲ ಕಡೆ ತಿರುಗಿ ನೋಡಿದ.

“ಗೊತ್ತಿದ್ದೂ ಕೊಟ್ಟಿಯೇನು ಗಡಿಗಿ?”

“ಮದುವಿಗೆ ಅಕ್ಕಿ ಬೇಕಿತ್ತು, ಬೆಲ್ಲ ಬೇಕಿತ್ತು. ರಾಣಿದು ಯಾರು ತಗೋತಿದ್ರು? ನೀ ಹೂಂ ಅಂದಿದ್ರೂ ಕೊಡತಿದ್ದೆ, ಊಹೂಂ ಅಂದಿದ್ರೂ ಕೊಡತಿದ್ದೆ.”

“ಮತ್ತ ನನ್ನನ್ನ ಯಾಕ ಕೇಳಿದಿ?”

ಕಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಬಹಳವಿತ್ತು. “ರೊಟ್ಟಿ ಆರತೈತಿ. ಕುಂದರು,” ಎಂದಳು.

ಅವನನ್ನು ಎಂಟು ದಿನ ಕಳಿಸಲಿಲ್ಲ. ಒಂಬತ್ತನೆಯ ದಿನ ಮೌನಪ್ಪ ಆಶ್ರಮಕ್ಕೆ ಬಂದಾಗ ಅಜ್ಜಾರು ನದಿಯಲ್ಲಿ ಪಂಚೆ ಜಾಲಿಸುತ್ತಿದ್ದರು. ಅವನೂ ನೀರಿಗಿಳಿದು ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ಹಿಂಡಿದರು. ಹಿಂಡುತ್ತಲೇ ಅಕ್ಕನ ಮನೆಯಲ್ಲಿ ಆದದ್ದನ್ನೆಲ್ಲ ಹೇಳಿದ.

“ರೂಪಾಯಿ ಮಾತು ಬಿಟ್ಟೆ ಅಜ್ಜಾರ. ಈಗ ಬ್ಯಾರೆ ಒಂದು ಹತ್ತೈತಿ. ಆಕಿ ಬಡದು ನೋಡಿದ್ದಳು. ಆಕಿಗೆ ಮೊದಲನ ಗೊತ್ತಿತ್ತು. ಮತ್ತ ನನ್ನನ್ನ ಯಾಕ ಕೇಳಿದಳು?”

ಅಜ್ಜಾರು ಪಂಚೆಯನ್ನು ಝಾಡಿಸಿ ಬಂಡೆಯ ಮೇಲೆ ಹರವಿದರು. ನಾಲ್ಕೂ ಮೂಲೆಗೆ ಕಲ್ಲು ಇಟ್ಟರು. ಆಮೇಲೆ ಅವನ ಕಡೆ ತಿರುಗಿದರು.

“ತಮ್ಮನ್ನ ಬಿಟ್ಟು ಇನ್ಯಾರನ್ನ ಕೇಳಬೇಕಿತ್ತು?”